ಒಂದೇ ತೇದಿಯ ಎರಡು ನಾಡುಗಳು

ಉಳಿದ ಭಾರತಕ್ಕೆ ಬಂದ ಸ್ವಾತಂತ್ರ್ಯವು ಹೈದರಾಬಾದ್ ಕರ್ನಾಟಕದ ಸೀಮೆಗೆ ಬರುವಷ್ಟರಲ್ಲಿ ಹದಿಮೂರು ತಿಂಗಳು ಕಳೆದಿದ್ದುದರಿಂದ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಆಗಸ್ಟ್ 15ರಂದು ಏರಿದ ಧ್ವಜ ಸೆಪ್ಟೆಂಬರ್ 17ರಂದು ಇನ್ನೊಮ್ಮೆ ಏರುವುದು ವಾಡಿಕೆ. ಅಂಥದೊಂದು ಸೆಪ್ಟೆಂಬರ್ 17ರ ಮುಂಜಾನೆ, ಯಲಬುರ್ಗಾದ ಧ್ವಜವಂದನೆ ಮುಗಿಸಿಕೊಂಡು ಬಂದ ಇಬ್ಬರು ಮನೆಯ ಕಟ್ಟೆಯ ಮೇಲೆ ಕುಳಿತು ಆಡಿದ ಮಾತುಗಳಿವು. ಒಬ್ಬರು ನಿವೃತ್ತರಾದ ಇತಿಹಾಸದ ಮಾಸ್ತರರು. ಮತ್ತೊಬ್ಬರು ಅವರ ಕೈಯಲ್ಲಿ ಕಲಿತು ಈಗ ಗಂಗಾವತಿಯಲ್ಲಿ ವಕೀಲಿ ನಡೆಸುತ್ತಿರುವವರು.

ವಕೀಲರು: ಗುರುಗಳೆ, ಬರುವ ವಾರ ನಮ್ಮ ಕಡೆಯ ತರುಣ ವಕೀಲರು ಒಂದು ಚರ್ಚಾಕೂಟವನ್ನು ಇಟ್ಟುಕೊಂಡಿದ್ದಾರೆ. ಇಸ್ರೇಲಿಗಳಿಗೂ ಪ್ಯಾಲೆಸ್ತೀನಿಯರಿಗೂ ನಡುವೆ ನ್ಯಾಯಸಮ್ಮತವೂ ಚಿರಸ್ಥಾಯಿಯೂ ಆದ ಶಾಂತಿ ಯಾವ ಹಾದಿಯಿಂದ ಬಂದೀತೆಂಬುದು ವಿಷಯ. ಮೊದಲು ಮಾತಾಡುವ ಭಾರ ನನ್ನ ಮೇಲೆ ಬಿದ್ದಿದೆ. ದಿನವಿಡೀ ಬದುವಿನ ತಂಟೆ, ಕಾಲುವೆಯ ನೀರಿನ ತಕರಾರು, ಅಣ್ಣತಮ್ಮಂದಿರ ವಾಟ್ನಿ ದಾವೆ, ಇವುಗಳಲ್ಲಿ ಮುಳುಗಿರುವ ನಾನು ಭತ್ತದ ಗದ್ದೆಗಳ ನಡುವೆ ನಿಂತು ಯೆರೂಸಲೇಮಿಗೆ ಬುದ್ಧಿ ಹೇಳಹೊರಟರೆ ಅದು ಹಾಸ್ಯಾಸ್ಪದವಾಗಲಿಕ್ಕಿಲ್ಲವೆ?

ಮಾಸ್ತರರು: ಬುದ್ಧಿ ಹೇಳಹೊರಟರೆ ಹಾಸ್ಯಾಸ್ಪದವೇ ಸರಿ. ಆದರೆ ನಮ್ಮ ಸೀಮೆಯ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಬಿಚ್ಚಿಟ್ಟು, ಇದರಲ್ಲಿ ನಿಮಗೆ ಉಪಯೋಗಕ್ಕೆ ಬರುವುದೇನಾದರೂ ಇದ್ದರೆ ನೋಡಿಕೊಳ್ಳಿರೆಂದರೆ ಅದರಲ್ಲಿ ನಗುವಂಥದೇನೂ ಇಲ್ಲ. ಇಂದು ಬೆಳಿಗ್ಗೆ ಭಾಷಣ ಮಾಡಿದವರಲ್ಲಿ ಯಾರೂ ಎತ್ತದ ಒಂದು ಸಂಗತಿಯನ್ನು ಹೇಳುತ್ತೇನೆ, ಕೇಳು. 1948ರ ಸೆಪ್ಟೆಂಬರ್ 17ರಂದು ನಿಜಾಮ ಮೀರ್ ಉಸ್ಮಾನ್ ಅಲಿಖಾನರು ಇತ್ತ ಶಸ್ತ್ರವನ್ನು ಕೆಳಗಿಡಿಸಿದರೆ, ಅತ್ತ ಅದೇ ದಿನ ಯೆರೂಸಲೇಮಿನ ಬೀದಿಯಲ್ಲಿ ವಿಶ್ವಸಂಸ್ಥೆಯ ಮಧ್ಯಸ್ಥರಾದ ಸ್ವೀಡನ್ನಿನ ಕೌಂಟ್ ಫೋಲ್ಕ್ ಬರ್ನಾಡೋಟರ ಕಾರನ್ನು ಅಡ್ಡಗಟ್ಟಿ, ಲೇಹಿ ಎಂಬ ಯೆಹೂದಿ ಉಗ್ರಪಂಥದವರು ಅವರನ್ನು ಗುಂಡಿಕ್ಕಿ ಕೊಂದರು. ಮಹಾಯುದ್ಧದ ಕೊನೆಯಲ್ಲಿ ನಾಜಿಗಳ ಸೆರೆಶಿಬಿರಗಳಿಂದ ಸಾವಿರಾರು ಜನರನ್ನು, ಅವರಲ್ಲಿ ಯೆಹೂದಿಗಳನ್ನೂ, ಬಿಡಿಸಿ ತಂದಿದ್ದವರು ಆ ಮನುಷ್ಯ. ಅದಕ್ಕೂ ಹಿಂದೆ, 1947ರ ನವೆಂಬರ್ 29ರಂದು ಹೈದರಾಬಾದಿಗೂ ಭಾರತಕ್ಕೂ ಯಥಾಸ್ಥಿತಿ ಒಪ್ಪಂದವಾದ ದಿನವೇ ಪ್ಯಾಲೆಸ್ತೀನನ್ನು ಇಬ್ಭಾಗ ಮಾಡುವ ನಿರ್ಣಯವನ್ನು ವಿಶ್ವಸಂಸ್ಥೆ ಅಂಗೀಕರಿಸಿತು. ಆ ನಿರ್ಣಯಕ್ಕೆ ವಿರೋಧವಾಗಿ ಮತವಿತ್ತ ಹದಿಮೂರು ದೇಶಗಳಲ್ಲಿ ನಮ್ಮದೂ ಒಂದು.

ವಕೀಲರು: ತೇದಿಗಳ ಹೊಂದಾಣಿಕೆ ಪಂಚಾಂಗದವರಿಗೆ ಒಪ್ಪತಕ್ಕದ್ದು, ಗುರುಗಳೆ. ನ್ಯಾಯಾಲಯದಲ್ಲಿ ಅದನ್ನು ಸಾಕ್ಷ್ಯವೆಂದು ಯಾರೂ ಎತ್ತಿಕೊಳ್ಳುವುದಿಲ್ಲ.

ಮಾಸ್ತರರು: ಎತ್ತಿಕೊಳ್ಳಬೇಡ. ಆದರೆ ಎರಡು ಪ್ರಕರಣಗಳೂ ಒಂದೇ ಕಾಲದ, ಒಂದೇ ಕಾರಣದ ಸಂತಾನವೆಂಬುದನ್ನು ಮರೆಯಬೇಡ. ಒಂದೇ ಸಾಮ್ರಾಜ್ಯ ಎರಡೂ ಕಡೆಯಿಂದ ಗಂಟುಮೂಟೆ ಕಟ್ಟಿತು; ಎರಡೂ ಕಡೆಯಲ್ಲಿ ಮುಂದಿನ ಒಡೆತನ ಯಾರದೆಂಬುದನ್ನು ಬಗೆಹರಿಸದೆಯೇ ಬಾಗಿಲು ಹಾಕಿಕೊಂಡು ಹೋಯಿತು. ನಿಜಾಮರು ಕೊಟ್ಟ ದೂರನ್ನು ಭದ್ರತಾ ಮಂಡಲಿ ಪ್ಯಾರಿಸಿನಲ್ಲಿ ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ರಂದು. ಬರ್ನಾಡೋಟರು ನಿರಾಶ್ರಿತರಿಗೆ ಮನೆಗೆ ಮರಳುವ ಹಕ್ಕುಂಟೆಂದು ಬರೆದ ತಮ್ಮ ಕೊನೆಯ ವರದಿಗೆ ಅಂಕಿತ ಹಾಕಿದ್ದೂ ಅದೇ ದಿನ. ಅಂದಿನಿಂದ ಒಂದು ನಾಡು ಹೇಗೋ ನೆಲೆಗೊಂಡಿತು. ಇನ್ನೊಂದು ಇಂದಿಗೂ ನೆಲೆಗೊಂಡಿಲ್ಲ. ಏಕೆ ಎಂಬುದು ನನ್ನ ಪ್ರಶ್ನೆ.

ವಕೀಲರು: ನಾವು ದೊಡ್ಡ ಮನಸ್ಸಿನವರು, ಅವರು ಸಣ್ಣ ಮನಸ್ಸಿನವರು ಎಂಬ ಉತ್ತರವನ್ನಂತೂ ತಾವು ಕೊಡಲಾರಿರಿ.

ಮಾಸ್ತರರು: ಕೊಟ್ಟರೆ ಅದು ಸುಳ್ಳು. ಆ ಕಾಲದ ಈ ಸೀಮೆ ಹೇಗಿತ್ತೆಂಬುದನ್ನು ನೋಡು. ರಾಯಚೂರು ಜಿಲ್ಲೆಗೆ ಸೇರಿದ್ದ ಈ ತಾಲೂಕುಗಳಲ್ಲಿ ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಜಹಗೀರು. ಪಡುವಣಕ್ಕೆ ಗಡಿ ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಅಲ್ಲಿ ಸ್ವತಂತ್ರ ಭಾರತದ ಧ್ವಜ, ಇಲ್ಲಿ ನಿಜಾಮರ ಕರೋಡಗಿರಿ ನಾಕಾ. ಕಾಸಿಂ ರಜವಿಯ ರಜಾಕಾರರು ಊರೂರಿಗೆ ನುಗ್ಗತೊಡಗಿದಾಗ ಮಂದಿ ಮಕ್ಕಳನ್ನು ಕರೆದುಕೊಂಡು, ದನಗಳನ್ನು ಹೊಡೆದುಕೊಂಡು ಗಡಿಯಾಚೆಗೆ ಹೋದರು. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಟೆಯವರೂ ಶಿಬಿರಗಳನ್ನು ಕಟ್ಟಿದರು; ಅಲ್ಲಿಂದ ಹುಡುಗರು ರಾತ್ರಿ ಹೊತ್ತು ಗಡಿ ದಾಟಿ ಬಂದು ನಾಕಾಗಳ ಮೇಲೆ, ಚೌಕಿಗಳ ಮೇಲೆ ಬೀಳುತ್ತಿದ್ದರು. ಈ ಅರ್ಧ ಕಥೆಯನ್ನು ಪ್ರತಿವರ್ಷ ಮೈಕಿನಲ್ಲಿ ಹೇಳುತ್ತಾರೆ, ಹೇಳಬೇಕಾದದ್ದೇ. ಇನ್ನರ್ಧವನ್ನು ಹೇಳುವುದಿಲ್ಲ.

ವಕೀಲರು: ಸುಂದರಲಾಲರ ವರದಿ.

ಮಾಸ್ತರರು: ಅದೇ. ಭಾರತದ ಸೈನ್ಯ ಐದು ದಿನಗಳಲ್ಲಿ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ, ರಜಾಕಾರರ ಮೇಲಿನ ಸಿಟ್ಟನ್ನು ರಜಾಕಾರರಲ್ಲದ ಬಡ ಮುಸಲ್ಮಾನರ ಮೇಲೆ ತೀರಿಸಿಕೊಂಡ ವಾರಗಳು ಬಂದವು. ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಎಂಬವರು ಆ ವರ್ಷದ ನವೆಂಬರ್ ಡಿಸೆಂಬರ್‌ಗಳಲ್ಲಿ ಜಿಲ್ಲೆಜಿಲ್ಲೆಗಳನ್ನು ಸುತ್ತಿ, ಅತ್ಯಂತ ಮಿತವಾದ ಅಂದಾಜಿನಲ್ಲಿಯೂ ಸತ್ತವರು 27,000ದಿಂದ 40,000ದವರೆಗೆ ಇದ್ದಾರೆಂದು ಬರೆದರು. ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡಗಳ ಗತಿ ಎಲ್ಲಕ್ಕಿಂತ ಘೋರವೆಂದರು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ: ಹಲವೆಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ತಮ್ಮ ಜೀವವನ್ನು ಪಣಕ್ಕಿಟ್ಟು ಕಾಪಾಡಿದರೆಂದು. ಸರಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ಅದು ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದುವವರ ಕೈಗೆ ಸಿಕ್ಕಿದ್ದು 2013ರಲ್ಲಿ.

ವಕೀಲರು: ಹಾಗಾದರೆ ನಮ್ಮ ಶಾಂತಿಗೆ ಸತ್ಯ ಕಾರಣವಲ್ಲ, ಸತ್ಯವನ್ನು ಅರವತ್ತೈದು ವರ್ಷ ಕಪಾಟಿನಲ್ಲಿಟ್ಟು ನಾವು ಶಾಂತಿಯನ್ನು ಪಡೆದೆವು ಎನ್ನಬೇಕಾಗುತ್ತದೆ. ಈ ಮಾತನ್ನು ಯೆರೂಸಲೇಮಿಗೆ ಕಳುಹಿಸುವುದೆ?

ಮಾಸ್ತರರು: ಕಳುಹಿಸಬೇಡ. ಸತ್ಯವನ್ನು ಮುಚ್ಚಿಟ್ಟದ್ದರಿಂದ ಶಾಂತಿ ಬಂದದ್ದಲ್ಲ, ಮುಚ್ಚಿಟ್ಟರೂ ಬಂತು. ಬೇರೆ ಯಾವುದೋ ಒಂದು ಆಧಾರ ಅದಕ್ಕೆ ಸಿಕ್ಕಿತ್ತು. ಆ ಆಧಾರವನ್ನು ನೀನು ವಕೀಲನಾದವನು ನನಗಿಂತ ಚೆನ್ನಾಗಿ ಹೇಳಬಲ್ಲೆ.

ವಕೀಲರು: ಹೇಳಲು ಯತ್ನಿಸುತ್ತೇನೆ. ಗೆದ್ದ ಸೈನ್ಯ ಗೆದ್ದ ನೆಲದಲ್ಲಿ ಎಷ್ಟು ಕಾಲ ಆಳಿತೆಂಬುದು ನನಗೆ ಮೊದಲು ಕಾಣುವ ಅಳತೆಗೋಲು. ಇಲ್ಲಿ ಜನರಲ್ ಚೌಧರಿಯವರ ಸೈನಿಕ ಆಡಳಿತ 1949ರ ಕೊನೆಯವರೆಗೆ ನಡೆಯಿತು; 1950ರ ಜನವರಿ 26ರಂದು ಸಂವಿಧಾನ ಬಂತು; 1952ರಲ್ಲಿ ಮತದಾನವಾಯಿತು. ಆ ಮತದ ಪಟ್ಟಿಯಲ್ಲಿ ಹೊಡೆದವನೂ ಹೊಡೆಸಿಕೊಂಡವನೂ ರಜಾಕಾರನ ತಮ್ಮನೂ ಶಿಬಿರದ ಹುಡುಗನೂ ಒಂದೇ ಸಾಲಿನಲ್ಲಿದ್ದರು. ಇಸ್ರೇಲಿನೊಳಗೆ ಉಳಿದ ಅರಬರಿಗೆ ಮತವೇನೋ ಸಿಕ್ಕಿತು. ಆದರೆ ಅವರು 1966ರವರೆಗೆ ಸೈನಿಕ ಆಡಳಿತದ ಕೆಳಗೆ, ಪಕ್ಕದ ಊರಿಗೆ ಹೋಗಲೂ ಪರವಾನಗಿ ಕೇಳುತ್ತ ಬಾಳಿದರು. ಅದು ಮುಗಿದ ಮರುವರ್ಷ, 1967ರ ಯುದ್ಧದಲ್ಲಿ, ಪಶ್ಚಿಮ ದಂಡೆಯೂ ಗಾಜಾವೂ ಸೈನ್ಯದ ವಶವಾದವು. ಪಶ್ಚಿಮ ದಂಡೆಯಲ್ಲಿ ಸೈನ್ಯಾಧಿಕಾರಿಯ ಆಜ್ಞೆಯೇ ಇಂದಿಗೂ ಕಾನೂನು. ಒಂದೇ ರಸ್ತೆಯಲ್ಲಿ ಒಂದೇ ಅಪರಾಧ ಮಾಡಿದ ಇಬ್ಬರಲ್ಲಿ, ಅಲ್ಲಿ ನೆಲೆಯೂರಿದ ಇಸ್ರೇಲಿ ನಾಗರಿಕ ನ್ಯಾಯಾಲಯಕ್ಕೆ ಹೋಗುತ್ತಾನೆ, ಪ್ಯಾಲೆಸ್ತೀನಿಯ ಸೈನಿಕ ನ್ಯಾಯಾಲಯಕ್ಕೆ ಹೋಗುತ್ತಾನೆ. ಇಂಥ ನೆಲದಲ್ಲಿ ನಾನು ವಕೀಲಿ ಮಾಡಬೇಕಾಗಿದ್ದರೆ ಕಕ್ಷಿದಾರನ ಹೆಸರು ಕೇಳಿದೊಡನೆಯೇ ತೀರ್ಪಿನ ಅರ್ಧ ನನಗೆ ಗೊತ್ತಾಗುತ್ತಿತ್ತು.

ಮಾಸ್ತರರು: ಆಸ್ತಿಯ ವಿಷಯ?

ವಕೀಲರು: ಅಲ್ಲಿ ನಾವು ತೀರ ತಲೆಯೆತ್ತಿ ಮಾತಾಡುವಂತಿಲ್ಲ. 1950ರಲ್ಲಿ ನಮ್ಮಲ್ಲಿ ವಲಸೆ ಹೋದವರ ಆಸ್ತಿಯ ಕಾಯದೆ ಬಂತು. ಅದೇ ವರ್ಷ ಇಸ್ರೇಲಿನಲ್ಲಿ ಗೈರುಹಾಜರಾದವರ ಆಸ್ತಿಯ ಕಾಯದೆ ಬಂತು. ಎರಡರಲ್ಲಿಯೂ ಆಸ್ತಿ ಹೋದದ್ದು ಕಸ್ಟೋಡಿಯನ್ ಎಂಬ ಅಧಿಕಾರಿಯ ವಶಕ್ಕೆ. ಭೇದವಿರುವುದು ಉಳಿದವರ ವಿಷಯದಲ್ಲಿ. ಇಲ್ಲಿ ಊರಲ್ಲಿಯೇ ಉಳಿದವನ ಹೊಲ, ಕನಿಷ್ಠಪಕ್ಷ ಕಾಗದದ ಮೇಲೆ, ಅವನದಾಗಿಯೇ ಉಳಿಯಿತು. ಅಲ್ಲಿಯಾದರೋ ಯುದ್ಧದ ದಿನಗಳಲ್ಲಿ ಪಕ್ಕದ ಊರಿಗೆ ಓಡಿಹೋಗಿ ಇಸ್ರೇಲಿನೊಳಗೇ ಉಳಿದು ಇಸ್ರೇಲಿನ ಪ್ರಜೆಯೇ ಆದವನನ್ನೂ ಅವನ ಸ್ವಂತ ಹೊಲದ ಮಟ್ಟಿಗೆ ಗೈರುಹಾಜರನೆಂದು ಎಣಿಸಿದರು. ಹಾಜರಿರುವ ಗೈರುಹಾಜರರೆಂಬ ಒಂದು ವರ್ಗವೇ ಹುಟ್ಟಿತು. ಇನ್ನು ಗಡಿಯಾಚೆಗೆ ಹೋದ 7 ಲಕ್ಷಕ್ಕೂ ಮಿಕ್ಕ ಜನರ ಪಾಡನ್ನಂತೂ ಹೇಳುವುದೇ ಬೇಡ. ಮುಂಡರಗಿಗೆ ಹೋದ ನಮ್ಮ ನಿರಾಶ್ರಿತರು ಸೆಪ್ಟೆಂಬರ್ ಕಳೆಯುವಷ್ಟರಲ್ಲಿ ಬಂಡಿ ಹೂಡಿಕೊಂಡು ಮರಳಿದರು. ಪ್ಯಾಲೆಸ್ತೀನಿಯರು ಇನ್ನೂ ಬೀಗದ ಕೈಗಳನ್ನು ಇಟ್ಟುಕೊಂಡು ಕುಳಿತಿದ್ದಾರೆ.

ಮಾಸ್ತರರು: ಇದಕ್ಕೆ ನಾನೊಂದನ್ನು ಕೂಡಿಸುತ್ತೇನೆ. 1949ರ ಆಗಸ್ಟ್‌ನಲ್ಲಿ ಜಹಗೀರುಗಳು ರದ್ದಾದುವಷ್ಟೆ; ಆದರೆ ಸೋತ ನಿಜಾಮರನ್ನು ಅರಮನೆಯಲ್ಲಿಯೇ ಬಿಟ್ಟು, 1956ರವರೆಗೆ ರಾಜಪ್ರಮುಖರೆಂಬ ಗೌರವವನ್ನೂ ಇತ್ತರು. ನಮ್ಮ ತಂದೆಯವರು ಇದನ್ನು ಕಡೆಯವರೆಗೂ ಕ್ಷಮಿಸಲಿಲ್ಲ. ನನಗೆ ಮಾತ್ರ, ಸೋತವನಿಗೆ ಕೂಡಲು ಒಂದು ಜಾಗವನ್ನು ಉಳಿಸಿದ್ದು ಜಾಣತನವೆಂದೇ ತೋರುತ್ತದೆ. ಶಿಬಿರ ಕಟ್ಟಿದ ಶಿವಮೂರ್ತಿಸ್ವಾಮಿಗಳು 1952ರ ಮೊದಲ ಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಹೋದರು. ರಾತ್ರಿ ಗಡಿ ದಾಟುವ ಕೆಲಸವನ್ನು ಬಿಟ್ಟು ಹಗಲಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಕೆಲಸ ಅವರಿಗೆ ಸಿಕ್ಕಿತು. ಪ್ಯಾಲೆಸ್ತೀನಿಯ ತರುಣನಿಗೆ ಸಿಗದೇ ಹೋದದ್ದು ಈ ಎರಡನೆಯ ಕೆಲಸ.

ವಕೀಲರು: ಆದರೆ ಗುರುಗಳೆ, ಎದುರು ಪಕ್ಷದ ವಕೀಲನಾಗಿ ನಾನು ನಿಮ್ಮನ್ನು ತಡೆಯಬೇಕು. ಹೈದರಾಬಾದಿನಲ್ಲಿ ಬಹುಸಂಖ್ಯೆಯ ಪ್ರಜೆಗಳು ಸೇರಲು ಬಯಸಿದ್ದ ರಾಷ್ಟ್ರ ಸುತ್ತಲೂ ಇತ್ತು, ಸೇರಿದರು, ಮುಗಿಯಿತು. ಅಲ್ಲಿ ಒಂದೇ ನೆಲದ ಮೇಲೆ ಎರಡು ಜನಾಂಗಗಳು, ಇಬ್ಬರೂ ತಮ್ಮದೇ ರಾಷ್ಟ್ರ ಬೇಕೆನ್ನುವವರು. 60 ಲಕ್ಷ ಜನರನ್ನು ಯುರೋಪಿನ ಕೊಲೆಮನೆಗಳಲ್ಲಿ ಕಳೆದುಕೊಂಡು ಬಂದ ಒಂದು ಜನಾಂಗಕ್ಕೆ, ಇನ್ನು ಮೇಲೆ ಯಾರ ಕೈಕೆಳಗೂ ಅಲ್ಪಸಂಖ್ಯಾತರಾಗಿ ಇರಲೊಲ್ಲೆವು ಎಂಬ ಹಟ ಬಂದದ್ದನ್ನು ತಪ್ಪೆನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅರಬ್ ದೇಶಗಳಿಂದ ಮುಂದೆ ಹೊರಬಿದ್ದು ಬಂದ ಲಕ್ಷಾಂತರ ಯೆಹೂದಿಗಳಿಗೂ ಮರಳಲು ಮನೆಯಿಲ್ಲ. ಅಂಥವರಿಗೆ ಒಂದು ಮತಪೆಟ್ಟಿಗೆ ತೋರಿಸಿ, ಎಲ್ಲರೂ ಸಾಲಾಗಿ ನಿಲ್ಲಿ ಎಂದರೆ ಕೇಳುವರೆ?

ಮಾಸ್ತರರು: ಕೇಳಲಾರರು. 1947ರಲ್ಲಿ ವಿಶ್ವಸಂಸ್ಥೆಯ ಹನ್ನೊಂದು ದೇಶಗಳ ಸಮಿತಿಯಲ್ಲಿ ಭಾರತ, ಇರಾನ್, ಯುಗೊಸ್ಲಾವಿಯಗಳು ವಿಭಜನೆ ಬೇಡ, ಒಂದು ಸಂಯುಕ್ತ ರಾಷ್ಟ್ರದೊಳಗೆ ಎರಡು ಘಟಕಗಳಿರಲಿ ಎಂದು ಬೇರೆ ಯೋಜನೆಯನ್ನು ಕೊಟ್ಟಿದ್ದುವು. ಯೋಜನೆಯಲ್ಲಿ ವಿವೇಕವಿತ್ತು, ಆದರೆ ನೀನೆಂದ ಭಯಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಆದುದರಿಂದ ಒಂದು ರಾಷ್ಟ್ರವೋ ಎರಡೋ ಎಂಬ ಲೆಕ್ಕಕ್ಕೆ ನಾನು ಹೋಗುವುದೇ ಇಲ್ಲ. ರಾಷ್ಟ್ರಗಳ ಸಂಖ್ಯೆ ನಿಶ್ಚಯವಾಗುವವರೆಗೆ ಅಲ್ಲಿಯ ಮನುಷ್ಯ ಯಾವ ಕಾನೂನಿನ ಕೆಳಗಿರಬೇಕು? ಈ ಪ್ರಶ್ನೆಯನ್ನು ಮುಂದೂಡಿದ್ದೇ ಕೇಡು. 1993ರಲ್ಲಿ ಆಸ್ಲೋ ಒಪ್ಪಂದವಾದಾಗ ಗಡಿ, ಯೆರೂಸಲೇಮ್, ನಿರಾಶ್ರಿತರು, ಯೆಹೂದಿ ನೆಲೆಗಳು, ಇವನ್ನೆಲ್ಲ ಐದು ವರ್ಷ ಬಿಟ್ಟು ನೋಡೋಣವೆಂದರು. ಆ ಐದು ವರ್ಷಗಳು ಮೂವತ್ತನ್ನು ದಾಟಿವೆ. ಈ ನಡುವೆ ಪೂರ್ವ ಯೆರೂಸಲೇಮನ್ನೂ ಸೇರಿಸಿ ಪಶ್ಚಿಮ ದಂಡೆಯಲ್ಲಿ ನೆಲೆಯೂರಿದ ಇಸ್ರೇಲಿಗಳು 7 ಲಕ್ಷದಷ್ಟಾಗಿದ್ದಾರೆ. ಕಾಯುತ್ತಿರುವವನ ಕಣ್ಣೆದುರಿಗೇ, ಅವನು ಯಾವ ನೆಲಕ್ಕಾಗಿ ಕಾಯುತ್ತಿದ್ದಾನೋ ಆ ನೆಲ ಕರಗುತ್ತ ಬಂದರೆ, ಮಾತುಕತೆಯ ಮೇಲೆ ಅವನಿಗೆ ನಂಬಿಕೆ ಹೇಗೆ ಉಳಿದೀತು?

ವಕೀಲರು: 2024ರ ಜುಲೈ 19ರಂದು ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಅಭಿಪ್ರಾಯದಲ್ಲಿ, ಈ ಆಕ್ರಮಿತ ಪ್ರದೇಶದಲ್ಲಿ ಇಸ್ರೇಲಿನ ಇರವೇ ಕಾನೂನುಬಾಹಿರ, ಆದಷ್ಟು ಬೇಗ ಅದು ಕೊನೆಗೊಳ್ಳಬೇಕು ಎಂದು ಹೇಳಿತು. ಜಾರಿ ಮಾಡುವ ಅಮೀನನಿಲ್ಲದ ನ್ಯಾಯಾಲಯವೆಂದು ನಮ್ಮವರು ನಕ್ಕರು. ಆದರೂ ದಾಖಲೆ ದಾಖಲೆಯೇ. ಅದಿರಲಿ; ತಾವು ಮನುಷ್ಯನ ಮಾತೆತ್ತಿದಿರಿ. ಕಾನೂನಿನ ಸಾಲಿನಲ್ಲಿ ಎಲ್ಲರನ್ನೂ ನಿಲ್ಲಿಸಿದ ಮಾತ್ರಕ್ಕೆ ಇಲ್ಲಿ ನ್ಯಾಯ ದೊರೆಯಿತೆ?

ಮಾಸ್ತರರು: ಇಲ್ಲ. ನಮ್ಮ ಊರಿನದೇ ಒಂದು ಸಂಗತಿ ಇದೆ. ಊರ ಹೆಸರು ಬೇಡ. ನಮ್ಮ ಮನೆಯ ಹಿಂದೆ ಒಬ್ಬ ದರ್ಜಿಯ ಮನೆಯಿತ್ತು, ಮುಸಲ್ಮಾನರದು. ಆ ವರ್ಷದ ಬೇಸಗೆಯಲ್ಲಿ ರಜಾಕಾರರು ಬಂದು ನಮ್ಮ ಬಣವೆಗೆ ಬೆಂಕಿಯಿಟ್ಟಾಗ ಅವನು ಬಾಗಿಲು ಹಾಕಿಕೊಂಡು ಒಳಗಿದ್ದ. ಅವರು ಬರುವುದು ಅವನಿಗೆ ಮೊದಲೇ ತಿಳಿದಿತ್ತೋ ಇಲ್ಲವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ನಾನು ಹುಡುಗನಾಗಿದ್ದಾಗಲೂ ನಿಂತಿರಲಿಲ್ಲ. ಸೆಪ್ಟೆಂಬರಿನಲ್ಲಿ ಗಾಳಿ ತಿರುಗಿದಾಗ, ಅದೇ ಬಣವೆ ಸುಟ್ಟುಕೊಂಡ ನಮ್ಮ ಅಜ್ಜಿ ಅವನ ಹೆಂಡತಿ ಮಕ್ಕಳನ್ನು ನಮ್ಮ ಹಗೇವಿನಲ್ಲಿ ಇಳಿಸಿ ಅಡಗಿಸಿದರು. ಹಗೇವೆಂದರೆ ನಿನಗೆ ಗೊತ್ತು, ಮುಚ್ಚಿಟ್ಟ ಕಾಳಿನ ಉಸಿರಿಗೆ ಒಳಗಿನ ಗಾಳಿ ಕೆಟ್ಟಿರುತ್ತದೆ. ಹಾಗೆಯೇ ಇಳಿದವನು ಮೇಲೆ ಬರುವುದಿಲ್ಲ. ಹೊರಗೆ ಗದ್ದಲ ಹತ್ತಿರವಾಗುತ್ತಿದ್ದರೂ ಅಜ್ಜಿ ಬಾಯಿಗಲ್ಲನ್ನು ಸರಿಸಿ, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಆರಿತೆಂದು ಮೇಲಕ್ಕೆಳೆದು, ಕಂಬಳಿಯಿಂದ ಗಾಳಿ ಬೀಸಿ, ಮತ್ತೆ ದೀಪ ಇಳಿಸಿ, ಅದು ನಿಂತು ಉರಿಯುವವರೆಗೆ ಒಂದು ಕೂಸನ್ನೂ ಕೆಳಗೆ ಬಿಡಲಿಲ್ಲವಂತೆ. ಜೀವಗಳು ಉಳಿದವು. ಮನೆಯೊಳಗಿದ್ದ ಹೊಲಿಗೆಯ ಯಂತ್ರ ಮಾತ್ರ ಉಳಿಯಲಿಲ್ಲ.

ವಕೀಲರು: ಯಾರು ಒಯ್ದರು?

ಮಾಸ್ತರರು: ಊರಿನವರೇ. ಯಾರ ಮನೆಯಲ್ಲಿದೆಯೆಂಬುದು ಊರಿಗೆಲ್ಲ ಗೊತ್ತು, ದರ್ಜಿಗೂ ಗೊತ್ತು. ದೂರು ಕೊಡಲಿಲ್ಲ, ಕೊಡುವ ಧೈರ್ಯ ಆಗ ಯಾರಿಗಿತ್ತು? ಮುಂದೆ ಎಷ್ಟೋ ವರ್ಷ, ಮದುವೆಯ ಕಾಲಕ್ಕೆ, ಆ ಮನೆಯವರು ಕರೆಕಳುಹಿಸಿದರೆ ಹೋಗಿ ಅವರ ಪಡಸಾಲೆಯಲ್ಲಿ ಕುಳಿತು ತನ್ನದೇ ಯಂತ್ರದ ಮೇಲೆ ಕೂಲಿಗೆ ಹೊಲಿದುಕೊಟ್ಟು ಬರುತ್ತಿದ್ದ. ಕೂಲಿಯನ್ನು ಅವರು ಎಂದೂ ಬಾಕಿ ಇಡಲಿಲ್ಲ, ಅದನ್ನೂ ಹೇಳಬೇಕು.

ವಕೀಲರು: ಗುರುಗಳೆ, ಇದನ್ನು ಕೇಳಿದ ಮೇಲೆ ಇಲ್ಲಿ ನೆಲೆಸಿದ್ದು ಶಾಂತಿಯೆಂದು ಕರೆಯಲು ನನಗೆ ಮನಸ್ಸಾಗದು. ಗಲಭೆಯಿಲ್ಲ, ನಿಜ. ಆದರೆ ದುರ್ಬಲನ ಮೌನದ ಮೇಲೆ ನಿಂತ ನೆಮ್ಮದಿಯದು.

ಮಾಸ್ತರರು: ಮೌನವೊಂದೇ ಆಗಿದ್ದರೆ ನಿನ್ನ ಮಾತು ಸರಿ. ಆದರೆ ಆ ದರ್ಜಿಯ ಮಗ ಶಾಲೆ ಕಲಿತ, ಸರಕಾರಿ ನೌಕರಿ ಸೇರಿದ, ಊರಿನ ಮತದಾರರ ಪಟ್ಟಿಯಲ್ಲಿ ಅವನ ಹೆಸರು ಇಂದಿಗೂ ಇದೆ. ಬೇಕೆಂದರೆ ಅವನು ನಾಳೆ ನಿನ್ನ ಬಳಿಗೆ ಬಂದು, ಕಾಲಮಿತಿ ಮೀರಿದ ದಾವೆಯೇ ಆದರೂ, ಹಾಕೆನ್ನಬಹುದು. ಕೇಳುವ ಬಾಯಿಯನ್ನು ಕಾನೂನು ಅವನಿಗೆ ಕೊಟ್ಟಿದೆ. ಕೇಳಿದ್ದನ್ನು ಕೊಡುವ ಮನಸ್ಸು ಮಾತ್ರ ಊರಿಗೆ ಬಂದಿಲ್ಲ. ಪಶ್ಚಿಮ ದಂಡೆಯಲ್ಲಿ ಇನ್ನೂ ಮೊದಲನೆಯದೇ ಇಲ್ಲ. ಎರಡನೆಯದನ್ನು ಮೊದಲು ಬೇಡುವುದರಲ್ಲಿ ಅರ್ಥವಿಲ್ಲವೆಂಬುದು ನನ್ನ ವಾದ.

ವಕೀಲರು: ನನಗೆ ಎರಡೂ ಒಟ್ಟಿಗೆ ಬೇಕೆನಿಸುತ್ತದೆ. ಏಕೆಂದರೆ ಮನಸ್ಸು ಬಾರದಿದ್ದರೆ ಕಾನೂನನ್ನು ಕೆಡವುವವರು ಹುಟ್ಟುತ್ತಾರೆ, ಅದೂ ತಮ್ಮ ತಮ್ಮವರೊಳಗಿಂದಲೇ. 1948ನ್ನೇ ನೋಡಿರಿ: ಜನವರಿಯಲ್ಲಿ ಗಾಂಧೀಜಿಯವರನ್ನು ಕೊಂದವನು ಹಿಂದೂ, ಆಗಸ್ಟಿನಲ್ಲಿ ರಜಾಕಾರರ ವಿರುದ್ಧ ಬರೆದ ತಪ್ಪಿಗೆ ಹೈದರಾಬಾದಿನ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ಕೊಂದವರು ಮುಸಲ್ಮಾನರು. 1995ರಲ್ಲಿ ಪ್ರಧಾನಿ ರಾಬಿನ್ನರಿಗೆ ಗುಂಡಿಕ್ಕಿದವನು ಯೆಹೂದಿ. 2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದು, 250ರಷ್ಟು ಮಂದಿಯನ್ನು ಒತ್ತೆಯಾಗಿ ಎಳೆದೊಯ್ದಿತಲ್ಲ, ಆ ದಿನ ಸತ್ತವರಲ್ಲಿ ಗಾಜಾದ ರೋಗಿಗಳನ್ನು ತಮ್ಮ ಕಾರಿನಲ್ಲಿ ಇಸ್ರೇಲಿನ ಆಸ್ಪತ್ರೆಗಳಿಗೆ ಮುಟ್ಟಿಸುತ್ತಿದ್ದ ಶಾಂತಿವಾದಿಗಳೂ ಇದ್ದರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರ ಸಂಖ್ಯೆ ಅಲ್ಲಿಯ ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ 60,000ವನ್ನು ದಾಟಿತು. ಅದರಲ್ಲಿ ಮಕ್ಕಳೆಷ್ಟೆಂದು ಎಣಿಸಹೊರಟರೆ ಎಣಿಸುವವನ ಕೈ ನಿಲ್ಲುತ್ತದೆ. ರಜಾಕಾರನ ಪಾಪಕ್ಕೆ ದರ್ಜಿಯನ್ನು ಹೊಣೆ ಮಾಡುವ ಅದೇ ಗಣಿತ ಇದು.

ಮಾಸ್ತರರು: ಆ ಗಣಿತವನ್ನು ಮರೆಸುವ ವಿದ್ಯೆ ನಮ್ಮ ಹಳ್ಳಿಗಳಲ್ಲಿ ಸ್ವಲ್ಪ ಇದೆಯೆಂದು ನನ್ನ ನಂಬಿಕೆ. ಒಂದೂ ಮುಸಲ್ಮಾನರ ಮನೆಯಿಲ್ಲದ ಎಷ್ಟೋ ಊರುಗಳಲ್ಲಿ ಮೊಹರಮ್ಮಿಗೆ ಅಲಾಯಿ ದೇವರು ಕೂಡುತ್ತವೆ. ಕುಣಿ ತೋಡಿ ಕೆಂಡ ಹಾಕುವವರು, ಪಂಜಾ ಹೊರುವವರು, ಹರಕೆ ಹೊತ್ತು ಫಕೀರರಾಗುವವರು ಲಿಂಗಾಯತರು, ಕುರುಬರು, ಬೇಡರು. ಕತಲ್ ರಾತ್ರಿ ಹೆಜ್ಜೆಮೇಳ ಕಟ್ಟಿ ಕರ್ಬಲಾದಲ್ಲಿ ಆದ ಹುಸೇನರ ಸಾವನ್ನು ಕನ್ನಡದ ರಿವಾಯತ ಪದಗಳಲ್ಲಿ ಹಾಡುತ್ತಾರೆ. ಹಾಡುವವನು ಆ ನಾಡನ್ನು ಕಂಡವನಲ್ಲ, ಆ ಮತದವನೂ ಅಲ್ಲ, ಆದರೂ ಗಂಟಲು ಕಟ್ಟುತ್ತದೆ. ಕುಷ್ಟಗಿಯ ಕಡೆಯವರು ಮುದಗಲ್ಲಿನ ಮೊಹರಮ್ಮಿಗೆ ಹೋಗಿಬರುವುದನ್ನು ನೀನೂ ನೋಡಿದ್ದೀಯೆ.

ವಕೀಲರು: ನೋಡಿದ್ದೇನೆ. ಆದರೆ ಆ ಪದಗಳು 1948ರಲ್ಲಿಯೂ ಇದ್ದುವಲ್ಲ?

ಮಾಸ್ತರರು: ಇದ್ದುವು. ತಡೆಯಲಿಲ್ಲ. ಅಷ್ಟು ಶಕ್ತಿ ಹಬ್ಬಕ್ಕಿದೆಯೆಂದು ನಾನು ಹೇಳಲಾರೆ. ಆದರೆ ಮರುವರ್ಷ ಮುಖ ಎತ್ತಿ ನೋಡಲಾರದಿದ್ದ ಜನ ಮತ್ತೆ ಬಂದು ಕೂಡಿಕೊಳ್ಳಲು ಒಂದು ಅಂಗಳ ಉಳಿದಿತ್ತು. ಕ್ಷಮೆ ಕೇಳದೆಯೇ ಒಂದು ಚಿಟಿಕೆ ಸಕ್ಕರೆ ಓದಿಸಿಕೊಂಡು ಹೋಗಬಹುದಾಗಿತ್ತು. ಅಂಥ ಅಂಗಳವನ್ನು ಅಲ್ಲಿಯವರು ಹೊಸದಾಗಿ ಕಟ್ಟಿಕೊಳ್ಳಬೇಕಾಗಿದೆ. ಪೇರೆಂಟ್ಸ್ ಸರ್ಕಲ್ ಎಂಬ ಕೂಟದಲ್ಲಿ ಮಕ್ಕಳನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಇಸ್ರೇಲಿಗಳೂ ಪ್ಯಾಲೆಸ್ತೀನಿಯರೂ ಇದ್ದಾರೆ. ಹಿಂದೆ ಆಯುಧ ಹಿಡಿದಿದ್ದ ಉಭಯಪಕ್ಷದವರ ಇನ್ನೊಂದು ಸಂಘದೊಡನೆ ಕೂಡಿ, 2006ರಿಂದ ಪ್ರತಿವರ್ಷ ಎರಡೂ ಕಡೆಯಲ್ಲಿ ಸತ್ತವರನ್ನು ಒಂದೇ ಸಭೆಯಲ್ಲಿ ಸ್ಮರಿಸುತ್ತಾರೆ. ಹೊರಗೆ ನಿಂತು ದ್ರೋಹಿಗಳೆಂದು ಕೂಗುವವರೂ ಇರುತ್ತಾರಂತೆ. ಅಂಗಳ ಚಿಕ್ಕದು. ಆದರೆ ಸರಕಾರಗಳು ಇಲ್ಲಿಯವರೆಗೆ ಕಟ್ಟಿದ್ದಕ್ಕಿಂತ ಗಟ್ಟಿಯಾದದ್ದು.

ವಕೀಲರು: ನನ್ನ ಕಸುಬಿಗೆ ಅಂಗಳಕ್ಕಿಂತ ಅಳತೆಪಟ್ಟಿ ಹತ್ತಿರ. ತುಂಗಭದ್ರೆಯನ್ನೇ ತೆಗೆದುಕೊಳ್ಳಿ. ಮದ್ರಾಸೂ ಹೈದರಾಬಾದೂ 1944ರಲ್ಲಿ ನೀರು ಹಂಚಿಕೊಳ್ಳಲು ಒಪ್ಪಿ, 1945ರ ಫೆಬ್ರುವರಿಯಲ್ಲಿ ಎರಡು ದಡಗಳಲ್ಲಿ ಎರಡು ಅಡಿಗಲ್ಲುಗಳನ್ನಿಟ್ಟುವು. ಮೂರು ವರ್ಷದ ಮೇಲೆ ಆ ಎರಡು ದಡಗಳು ಒಂದಕ್ಕೊಂದು ಶತ್ರುಗಳ ನೆಲವಾದುವು. ಆದರೂ ಅಣೆಕಟ್ಟನ್ನು ಯಾರೂ ನಡುವೆ ಕೈಬಿಡಲಿಲ್ಲ, 1953ರಲ್ಲಿ ನೀರು ನಿಂತಿತು. ಎಡದಂಡೆಯ ಆ ನೀರಿನಿಂದಲೇ ಗಂಗಾವತಿ ಭತ್ತದ ನಾಡಾಯಿತು. ಮುಳುಗಿದ ಸುಮಾರು 90 ಹಳ್ಳಿಗಳ ದುಃಖ ಬೇರೆ ಇದೆ, ಕಾಲುವೆಯ ಕೊನೆಯ ಭಾಗದ ರೈತನ ಗೋಳು ನನ್ನ ಕಚೇರಿಗೆ ದಿನಾ ಬರುತ್ತದೆ. ನೀರು ಹಂಚುವ ತುಂಗಭದ್ರಾ ಬೋರ್ಡು ಎಂಬುದು ಧರ್ಮರಾಯನಲ್ಲ. ಆದರೆ ಎಷ್ಟು ನೀರು ಬಂತು, ಯಾರಿಗೆಷ್ಟು ಹೋಯಿತು ಎಂಬ ಅಂಕಿಯನ್ನು ಎಲ್ಲ ರಾಜ್ಯದವರೂ ಒಂದೇ ಮೇಜಿನ ಮೇಲೆ ನೋಡುತ್ತಾರೆ. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ಎರಡೂ ಕಡೆಯವರ ಜೀವ ಒಟ್ಟಿಗೇ ಬಾಯಿಗೆ ಬಂತು. ಪಶ್ಚಿಮ ದಂಡೆಯಲ್ಲಿಯೂ 1995ರ ಒಪ್ಪಂದದಿಂದ ಒಂದು ಜಂಟಿ ಜಲಸಮಿತಿ ಆಯಿತು, ಹೆಸರಿಗೆ ಜಂಟಿ. ಪ್ಯಾಲೆಸ್ತೀನಿಯ ತನ್ನ ಊರಲ್ಲಿ ಬಾವಿ ತೋಡಲು ಇಸ್ರೇಲಿನ ಒಪ್ಪಿಗೆ ಬೇಕು. ಇಸ್ರೇಲ್ ತನ್ನ ಗಡಿಯೊಳಗೆ ಅದೇ ಜಲಸ್ತರದಿಂದ ಎತ್ತುವ ನೀರಿಗೆ ಪ್ಯಾಲೆಸ್ತೀನಿಯನನ್ನು ಕೇಳಬೇಕಾಗಿಲ್ಲ. ಇಬ್ಬರಿಗೂ ಸಮಾನವಾಗಿ ಬೇಡವೆನ್ನುವ ಅಧಿಕಾರವಿಲ್ಲದ ಸಮಿತಿಯಿಂದ ಜಗಳ ಹೆಚ್ಚುವುದೇ ಹೊರತು ತಗ್ಗುವುದಿಲ್ಲ.

ಮಾಸ್ತರರು: ಇದನ್ನು ಕೂಟದಲ್ಲಿ ಹೇಳು, ನಿನ್ನ ತರುಣರಿಗೆ ತಟ್ಟನೆ ತಿಳಿಯುತ್ತದೆ. ನಿರಾಶ್ರಿತರ ವಿಷಯಕ್ಕೆ ಏನು ಹೇಳುವೆ? ಎಲ್ಲವೂ ಅಲ್ಲಿಗೆ ಬಂದು ನಿಲ್ಲುತ್ತದೆ.

ವಕೀಲರು: 1948ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಬರ್ನಾಡೋಟರ ವರದಿಯನ್ನು ಹಿಡಿದೇ 194ನೆಯ ನಿರ್ಣಯ ಮಾಡಿತು: ನೆರೆಹೊರೆಯವರೊಡನೆ ಶಾಂತಿಯಿಂದ ಬಾಳಲೊಪ್ಪುವವರು ಮರಳಬಹುದು, ಮರಳಲೊಲ್ಲದವರಿಗೆ ಪರಿಹಾರ ಸಲ್ಲಬೇಕು. ಮರುವರ್ಷ ಲೌಸಾನಿನ ಮಾತುಕತೆಯಲ್ಲಿ ಇಸ್ರೇಲೇ 1 ಲಕ್ಷ ಜನರನ್ನು ಮರಳಿ ಸೇರಿಸಿಕೊಳ್ಳುವೆವೆಂದಿತ್ತು. ಆ ಮಾತು ಮುರಿದುಬಿತ್ತು. ಈಗ ಅವರ ಮಕ್ಕಳು ಮೊಮ್ಮಕ್ಕಳು ಸೇರಿ ದಾಖಲಾದವರೇ 59 ಲಕ್ಷ. ಎಲ್ಲರೂ ಇಸ್ರೇಲಿನೊಳಕ್ಕೆ ಬರಲಾರರೆಂಬುದು ಅವರ ನಾಯಕರಿಗೂ ಗೊತ್ತು. ಎರಡು ರಾಷ್ಟ್ರಗಳಿರಲಿ, ಗಡಿ ಮಾತ್ರ ತೆರೆದಿರಲಿ, ಒಬ್ಬನು ಒಂದು ರಾಷ್ಟ್ರದ ಪ್ರಜೆಯಾಗಿ ಮತ್ತೊಂದರಲ್ಲಿ ವಾಸಿಸುವ ಹಕ್ಕು ಪಡೆಯಲಿ ಎಂದು ಎರಡೂ ಕಡೆಯವರು ಸೇರಿ ಕಟ್ಟಿದ ‘ಎಲ್ಲರಿಗೂ ಒಂದು ನಾಡು’ ಎಂಬ ಚಳವಳಿಯವರು ಹೇಳುತ್ತಾರೆ. ಹೆಬ್ರೋನಿನಲ್ಲಿರುವ ಯೆಹೂದಿ ಪ್ಯಾಲೆಸ್ತೀನಿನ ಕಾನೂನಿಗೆ ತಲೆಬಾಗಿ ಅಲ್ಲಿಯೇ ಇರಬಹುದು, ಹೈಫಾಕ್ಕೆ ಮರಳಬಯಸುವ ಪ್ಯಾಲೆಸ್ತೀನಿಯ ಇಸ್ರೇಲಿನ ಕಾನೂನಿಗೆ ತಲೆಬಾಗಿ ಇರಬಹುದು. ಇದು ನನಗೆ ಒಪ್ಪಿಗೆ.

ಮಾಸ್ತರರು: ನನಗಲ್ಲ. ಇಷ್ಟು ರಕ್ತ ಹರಿದ ಮೇಲೆ ತೆರೆದ ಗಡಿಯೆಂದರೆ ಎರಡು ಕಡೆಯ ತಾಯಂದಿರಿಗೂ ನಿದ್ದೆ ಬಾರದು. ಒಂದು ತಲೆಮಾರು ಗಟ್ಟಿಯಾದ ಗೆರೆ ಬೇಕು, 1967ರ ಹಿಂದಿನ ಗೆರೆಯೇ ಆಗಲಿ. 2002ರಲ್ಲಿ ಬೇರೂಟಿನಲ್ಲಿ ಅರಬ್ ರಾಷ್ಟ್ರಗಳೆಲ್ಲ ಸೇರಿ, ಆ ಗೆರೆಗೆ ಹಿಂದಿರುಗಿದರೆ ಇಸ್ರೇಲಿನೊಡನೆ ಸಹಜ ಸಂಬಂಧಕ್ಕೆ ಸಿದ್ಧವೆಂದು ಹೇಳಿದ್ದನ್ನು ಇಸ್ರೇಲ್ ಒಮ್ಮೆಯಾದರೂ ಗಂಭೀರವಾಗಿ ಕೈಗೆತ್ತಿಕೊಳ್ಳಬೇಕಿತ್ತು. ಗೆರೆಯ ಈಚೆ ಆಚೆ ಇಬ್ಬರಿಗೂ ಪೂರ್ಣ ಪೌರತ್ವ, ಕಾವಲಿಗೆ ಹೊರಗಿನವರ ಪಹರೆ, ಆಮೇಲೆ ನಿನ್ನ ತೆರೆದ ಬಾಗಿಲು.

ವಕೀಲರು: ಆಮೇಲೆ ಆಮೇಲೆ ಎಂದೇ ಆಸ್ಲೋ ಕೆಟ್ಟದ್ದೆಂದು ಈಗ ತಾನೇ ತಾವು ಹೇಳಿದಿರಿ.

ಮಾಸ್ತರರು: ಅದನ್ನು ಹೇಳಿದವನು ನಾನೇ, ಇಲ್ಲವೆನ್ನಲಾರೆ. ಆದರೂ ನಾನು ಮುಂದೂಡುವುದು ಬಾಗಿಲನ್ನು. ಅವರು ಮುಂದೂಡಿದ್ದು ಪೌರತ್ವವನ್ನು.

ವಕೀಲರು: ವಾದವೇನೋ ಚೆನ್ನಾಗಿದೆ, ಶಿಬಿರದಲ್ಲಿ ಹುಟ್ಟಿ ಶಿಬಿರದಲ್ಲಿ ಮುದುಕನಾದವನು ಅದನ್ನು ಒಪ್ಪಿಯಾನೆಂದು ನನಗೆ ತೋರದು. ಇರಲಿ, ಇದನ್ನು ಇಬ್ಬರ ಮಾತಾಗಿಯೇ ಅಲ್ಲಿ ಮುಂದಿಡುತ್ತೇನೆ. ನನಗೆ ಅಳುಕಿರುವುದು ಬೇರೆಡೆ. ಇಸ್ರೇಲಿನ ಮಂತ್ರಿಯೊಬ್ಬ ತನ್ನ ಸಂಸತ್ತಿನಲ್ಲಿ 1948ರಲ್ಲಿ ಬರಿದಾದ ಹಳ್ಳಿಗಳ ಹೆಸರು ಓದಲಿ, ಪ್ಯಾಲೆಸ್ತೀನಿನ ನಾಯಕನೊಬ್ಬ ಅಕ್ಟೋಬರ್ 7ರಂದು ಸತ್ತವರ ಹೆಸರು ಓದಲಿ ಎಂದು ನಾನು ಅಲ್ಲಿ ಹೇಳಿದೆನೆನ್ನಿ. ಇಂದು ಬೆಳಿಗ್ಗೆ ಧ್ವಜದ ಕೆಳಗೆ ನಿಂತು ಯಾರಾದರೂ ಸುಂದರಲಾಲರ ಹೆಸರನ್ನೆತ್ತಿದ್ದರೆ ಎಷ್ಟು ಮಂದಿ ಕುರ್ಚಿಯಲ್ಲಿ ಉಳಿಯುತ್ತಿದ್ದರು?

ಮಾಸ್ತರರು: ಅರ್ಧಕ್ಕರ್ಧ ಎದ್ದುಹೋಗುತ್ತಿದ್ದರು. ಮೈಕನ್ನು ಕಸಿದುಕೊಳ್ಳುವವರೂ ಇರುತ್ತಿದ್ದರು.

ವಕೀಲರು: ಹಾಗಿದ್ದ ಮೇಲೆ?

ಮಾಸ್ತರರು: ಹಾಗಿದ್ದ ಮೇಲೆ, ನಿನ್ನ ಕೂಟದಲ್ಲಿ ಬರ್ನಾಡೋಟರಿಂದ ಆರಂಭಿಸಬೇಡ. ರಜಾಕಾರರ ಬೆಂಕಿಯನ್ನು ಹೇಳು, ಮುಂಡರಗಿಯನ್ನು ಹೇಳು, ಅದರ ಬೆನ್ನಿಗೇ ಆ ವರದಿಯ ಅಂಕಿಯನ್ನು ಓದು. ಎದ್ದುಹೋಗುವವರು ಹೋಗಲಿ. ಕುಳಿತು ಕೇಳುವಷ್ಟು ಜನ ಉಳಿದರೆ ಅವರ ಮುಂದೆ ಪ್ಯಾಲೆಸ್ತೀನಿನ ಪ್ರಕರಣವನ್ನು ತೆಗೆ.